ಮಾವನ ಮಂದೆಗೆ ಅಂಟಿಸಿದ ಜಡ್ಡು

ರಾಯಚೂರು ಸೀಮೆಯ ಕಾಲುವೆ, ಭತ್ತದ ಗಿರಣಿ ಮತ್ತು ಕೂಲಿಯವರ ಬದುಕಿನ ಬಗ್ಗೆ ಒಬ್ಬ ಇತಿಹಾಸದ ಪ್ರಾಧ್ಯಾಪಕರು ಬರೆದ ಇಂಗ್ಲಿಷ್ ಪುಸ್ತಕವೊಂದು ನನ್ನ ಮನೆಯಲ್ಲಿದೆ. ಅದರ ಮುನ್ನುಡಿಯಲ್ಲಿ ಅವರು ಉಪಕಾರ ನೆನೆದವರ ನಡುವೆ ನನ್ನ ಹೆಸರೂ ಇದೆ. ಮೆಟ್ರಿಕ್ ಮುಗಿಸಿ ನಿಂತವನ ಹೆಸರು ಅಂಥ ಪುಸ್ತಕದಲ್ಲಿ ಬರುವುದು ಸಣ್ಣ ಮಾತಲ್ಲ ಎಂದುಕೊಂಡು ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದೆ. ಅದೇ ಪುಸ್ತಕದ ನಡುವೆ ಎಲ್ಲೋ ಒಂದು ಕಡೆ, ರೋಗ ತಗುಲಿ ಕುರಿಮಂದೆಗಳು ಕರಗಿದವು, ಕುರಿ ಕಾಯುವವರು ಗಿರಣಿಯ ಕೂಲಿಗೆ ಬಂದರು ಎಂಬ ಮಾತಿದೆ. ಆ ಪುಟವನ್ನು ಯಾರಿಗೂ ತೋರಿಸಲಿಲ್ಲ. ಅಲ್ಲಿ ಹೇಳಿರುವ ಮಂದೆ ನನ್ನ ಸೋದರಮಾವನದು. ಅದಕ್ಕೆ ಯಾವ ರೋಗವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ನಾವು ದೇವದುರ್ಗದ ಕಡೆಯವರು. ಕುರಿ ಸಾಕುವ, ತುಂಡು ಹೊಲ ಮಾಡುವ ಮನೆತನ. ನಾನು ರಾಯಚೂರಿನ ಹೈಸ್ಕೂಲಿನಲ್ಲಿ ಓದಿ ಪಾಸಾದೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ನೌಕರಿ ಮಾತ್ರ ಸಿಗಲಿಲ್ಲ. ಓದಿದ್ದರಿಂದ ಕುರಿಯ ಹಿಂದೆ ಹೋಗಲು ನಾಚಿಕೆ, ನೌಕರಿ ಇಲ್ಲದ್ದರಿಂದ ಮನೆಯಲ್ಲಿ ಕೂರಲು ನಾಚಿಕೆ. ಹೀಗಾಗಿ ಬಹಳ ದಿನ ಮಾವನ ಕುರಿಹಟ್ಟಿ ಎಲ್ಲಿರುತ್ತಿತ್ತೋ ಅಲ್ಲಿಗೆ ಹೋಗಿ ಉಂಡು ಮಲಗುತ್ತಿದ್ದೆ. ಅವ್ವನ ತಮ್ಮ ಅವನು. ನನ್ನನ್ನು ಕಂಡರೆ "ಬಂದನ ನೋಡ್ರಿ ನಮ್ಮ ತಹಶೀಲದಾರ" ಎಂದು ನಗುತ್ತಿದ್ದ. ರೊಟ್ಟಿಯ ಜೊತೆ ಮೊಸರು ಮೊದಲು ನನ್ನ ತಟ್ಟೆಗೇ ಬೀಳುತ್ತಿತ್ತು.

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಮಾವ ಮಂದೆಯನ್ನು ಹೊಡೆದುಕೊಂಡು ಮಾನ್ವಿ ಕಡೆಯ ನೀರಾವರಿಗೆ ಇಳಿಯುತ್ತಿದ್ದ. ಹೊಲದವರು ಕರೆದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಕುರಿ ರಾತ್ರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಅದಕ್ಕೆ ಬದಲಾಗಿ ಜೋಳವನ್ನೋ ನೆಲ್ಲನ್ನೋ ಕೊಡುತ್ತಿದ್ದರು. ಇದಕ್ಕೆ ಕಾಗದ ಪತ್ರ ಏನೂ ಇರಲಿಲ್ಲ, ಬಾಯಿಮಾತು ಅಷ್ಟೆ. ಕುರಿ ಯಾರ ಹೊಲದಲ್ಲಿ ನಿಂತಿದೆಯೋ ಅದರ ಕ್ಷೇಮ ಆ ಹೊಲದವನ ಮೇಲೆ ಎನ್ನುವುದು ನಮ್ಮ ಜನರಲ್ಲಿ ನಡೆದು ಬಂದ ರೀತಿ. ತೋಳ ಬಂದರೆ ಹೊಲದ ಗೌಡನೇ ಕೋಲು ಹಿಡಿದು ಎದ್ದು ಬರುತ್ತಿದ್ದ.

ಇನ್ನೊಂದು ರೀತಿಯೂ ಇತ್ತು. ಮಂದೆಗೆ ಜಡ್ಡು, ಅಂದರೆ ಅಂಟುರೋಗ, ಬಂದಿದೆ ಎಂದು ಸುದ್ದಿ ಹುಟ್ಟಿದರೆ ಯಾವ ಊರಿನವರೂ ತಮ್ಮ ಸೀಮೆಯೊಳಗೆ ಅದನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ದಾರಿಗೆ ಜಾಲಿಯ ಮುಳ್ಳುಕಂಟಿ ಎಳೆದು ನಿಲ್ಲುತ್ತಿದ್ದರು. ಬಾವಿಯ ತೊಟ್ಟಿಯಲ್ಲಿ ನೀರು ಕುಡಿಸಲು ಬಿಡುತ್ತಿರಲಿಲ್ಲ. ಅದು ತಪ್ಪೂ ಅಲ್ಲ. ತಮ್ಮ ತಮ್ಮ ಕುರಿ ಉಳಿಸಿಕೊಳ್ಳಲು ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ನಾವೂ ಮಾಡುತ್ತಿದ್ದೆವು. ಅದಕ್ಕೇ ಕುರಿ ಸತ್ತರೆ ಕುರಿಗಾರನು ಯಾರಿಗೂ ಹೇಳುವುದಿಲ್ಲ. ದೂರ ಒಯ್ದು ಹೂಳಿ ಬರುತ್ತಾನೆ. ಕೇಳಿದರೆ ಎಲ್ಲ ಚಲೋ ಅದಾವ ಎನ್ನುತ್ತಾನೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಾಲುವೆಯ ಬದಿಯ ಊರುಗಳು ಗುರುತು ಸಿಗದಷ್ಟು ಬದಲಾಗಿದ್ದವು. ಸಿರವಾರದ ಸಂತೆಗೆ ಎತ್ತಿನ ಬಂಡಿಗಿಂತ ಲಾರಿಗಳೇ ಹೆಚ್ಚು ಬರುತ್ತಿದ್ದವು. ಜೋಳ ಬೆಳೆಯುತ್ತಿದ್ದ ಕರಿನೆಲ ಕೆಸರುಗದ್ದೆಯಾಗಿತ್ತು. ಭತ್ತ ಬೇಯಿಸಿ ಅಕ್ಕಿ ಮಾಡುವ ಗಿರಣಿಗಳು ಎದ್ದಿದ್ದವು. ಅಂಥ ಒಂದು ಗಿರಣಿ ಹಳ್ಳದ ದಂಡೆಯ ಮೇಲಿತ್ತು. ಅದರ ಮಾಲಕರನ್ನು ಸಾವಕಾರ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಅದೇ ಜಾಗ ಜೋಳದ ಹೊಲವಾಗಿತ್ತು. ನನ್ನ ತಾತ ವರ್ಷವರ್ಷವೂ ಅಲ್ಲಿ ಕುರಿ ನಿಲ್ಲಿಸುತ್ತಿದ್ದನಂತೆ. ಗಿರಣಿಯಾದ ಮೇಲೆ ಭತ್ತ ನೆನೆಹಾಕಿದ ತೊಟ್ಟಿಯ ನೀರನ್ನು ಒಂದು ತೂಬಿನಿಂದ ಹಳ್ಳಕ್ಕೆ ಬಿಡುತ್ತಿದ್ದರು. ಹಳದಿ ಬಣ್ಣ, ಹುಳಿ ನಾತ. ಚಿಮಣಿಯಿಂದ ಹಾರಿದ ಹೊಟ್ಟಿನ ಬೂದಿ ಒಗೆದ ಬಟ್ಟೆಯ ಮೇಲೆ, ಕಾಸಿದ ಹಾಲಿನ ಮೇಲೆ, ಕುರಿಯ ಬೆನ್ನ ಮೇಲೆ ಕೂರುತ್ತಿತ್ತು.

ಪ್ರಾಧ್ಯಾಪಕರು ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ಮೈಸೂರು ಕಡೆಯ ಕನ್ನಡ, ಬಿಳಿಯ ಬಟ್ಟೆಯ ಟೋಪಿ, ಮೆತ್ತಗಿನ ದನಿ. ರಾಯಚೂರಿನಲ್ಲಿ ಸ್ಟೇಷನ್ನಿನ ಹತ್ತಿರ ಒಂದು ಲಾಡ್ಜಿನಲ್ಲಿ ಇಳಿದಿದ್ದರು. ನಮ್ಮ ಜನರ ಮಾತು ಅವರಿಗೆ ಪೂರಾ ಹಿಡಿಯುತ್ತಿರಲಿಲ್ಲ, ಅವರ ಪುಸ್ತಕದ ಮಾತು ಕೇಳಿ ನಮ್ಮ ಜನ ಬಾಯಿ ಬಿಗಿಯುತ್ತಿದ್ದರು. ಹಳ್ಳಿ ಗೊತ್ತಿರುವ ಓದಿದ ಹುಡುಗ ಬೇಕು ಎಂದು ಅವರು ನನ್ನ ಹಳೆಯ ಮಾಸ್ತರರನ್ನು ಕೇಳಿದರಂತೆ. ಹಾಗೆ ಅವರ ಜೊತೆಯಾದೆ. ಬಸ್ಸಿನಲ್ಲಿ, ಬಾಡಿಗೆ ಸೈಕಲ್ಲಿನಲ್ಲಿ, ಕೆಲವೊಮ್ಮೆ ನಡೆದು ನಾವು ಗಿರಣಿಗಳನ್ನು ಸುತ್ತಿದೆವು.

ಮೊದಲ ದಿನ ಆ ಗಿರಣಿಯ ಅಂಗಳದಲ್ಲಿ ಹೆಂಗಸರು ಬೇಯಿಸಿದ ಭತ್ತವನ್ನು ಒಣಹಾಕಿ, ಸಾಲು ಹಿಡಿದು ಬರಿಗಾಲಿನಿಂದ ಎಳೆಯುತ್ತಿದ್ದರು. ಕಾದ ಸಿಮೆಂಟಿನ ಮೇಲೆ, ಕಾದ ಭತ್ತದಲ್ಲಿ.

"ಯಾರಪಾ ಇವ್ರು, ನಮ್ಮನ್ನ ನೋಡ್ಕೋತ ಬಿಸಿಲಾಗ ನಿಂತಾರ?" ಎಂದು ಒಬ್ಬಳು ಕೇಳಿದಳು.

"ಪುಸ್ತಕ ಬರೀತಾರವ್ವಾ, ನಿಮ್ಮ ಕೆಲಸದ ಮ್ಯಾಲೆ" ಎಂದೆ.

"ಹಂಗಾರ ಕಾಲು ನೋಡಿ ಬರಕೊಳ್ಳಂತ ಹೇಳು. ಮಾರಿ ನೋಡಿ ಎಲ್ಲಾರೂ ಬರೀತಾರ."

ಸಾಲಿಗೆ ಸಾಲೇ ನಕ್ಕಿತು. ಪ್ರಾಧ್ಯಾಪಕರಿಗೆ ಅರ್ಥವಾಗದೆ ನನ್ನ ಮುಖ ನೋಡಿದರು. ಹೇಳಿದೆ. ಅವರು ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅವರ ಕಾಲುಗಳನ್ನೇ ನೋಡಿದರು. ಆ ದಿನವೇ ನನಗೆ ಅವರ ಮೇಲೆ ಭಕ್ತಿ ಹುಟ್ಟಿತು. ಇವರು ಬರೆದದ್ದು ಎಲ್ಲಿಗಾದರೂ ಮುಟ್ಟುತ್ತದೆ ಅನಿಸಿತು.

ಗಿರಣಿಯ ಮುಂದಿನ ಚಹಾದಂಗಡಿಯಲ್ಲಿ ಮಾವ ಸಿಕ್ಕ. ಆ ವಾರ ಅವನ ಹಟ್ಟಿ ಹಳ್ಳದ ಆಚೆಗಿತ್ತು. ಹಮಾಲರು, ಲಾರಿಯವರು, ಸುತ್ತಲಿನ ಹೊಲದವರು ಕುಳಿತಿದ್ದರು.

"ಸರ, ಇತಿಹಾಸ ಅಂದ್ರ ರಾಜರದಲ್ರಿ? ನಮ್ಮ ಭತ್ತದ ಗಿರಣಿಗೇನು ಇತಿಹಾಸ?" ಎಂದ ಅಂಗಡಿಯವ.

"ನೂರು ವರ್ಷ ಕಳೆದರೆ ಇದೂ ಇತಿಹಾಸವೇ ಆಗುತ್ತದಲ್ಲವೇ?" ಎಂದರು ಪ್ರಾಧ್ಯಾಪಕರು.

"ನೂರು ವರ್ಷ ಆದ್ರೂ ಇವನ ಚಾದಾಗ ಹಾಲು ಬೀಳಂಗಿಲ್ಲ, ಅದನ್ನೂ ಬರಕೊಳ್ರಿ ಸಾಹೇಬರ" ಎಂದ ಒಬ್ಬ ಹಮಾಲ.

ನಗು ಅಡಗಿದ ಮೇಲೆ ಪ್ರಾಧ್ಯಾಪಕರು ಮಾವನ ಕಡೆ ತಿರುಗಿ, ಹಳ್ಳಕ್ಕೆ ಗಿರಣಿಯ ನೀರು ಬರತೊಡಗಿದ ಮೇಲೆ ಕುರಿಗಳಿಗೆ ಏನಾದರೂ ತೊಂದರೆಯಾಗಿದೆಯೇ ಎಂದು ಕೇಳಿದರು. ಎಲ್ಲರೂ ಮಾವನನ್ನು ನೋಡಿದರು. ಮಾವ ಕಪ್ಪಿನ ತಳದ ಚಹಾವನ್ನು ಅಲ್ಲಾಡಿಸಿ ಕುಡಿದು, "ಏನಿಲ್ರಿ. ಕುರಿ ಚಲೋ ಅದಾವ. ದೇವರು ನಡಸ್ಯಾನ" ಎಂದ. ಎದ್ದು ಹೋಗುವಾಗ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಅಳಿಯಾ, ನಾಳಿ ಮುಂಜಾನಿ ಒಬ್ನೇ ಬಾ."

ಮರುದಿನ ಬೆಳಿಗ್ಗೆ ಅತ್ತೆ, ಮಾವ ಇಬ್ಬರೂ ನನ್ನನ್ನು ಹಳ್ಳದ ಮೇಲ್ಭಾಗಕ್ಕೆ, ಮಲ್ಲಟದ ದಾರಿ ದಾಟಿ ಜಾಲಿ ಬೆಳೆದ ಒಂದು ಪಾಳು ನೆಲಕ್ಕೆ ಕರೆದುಕೊಂಡು ಹೋದರು. ಸತ್ತ ಕುರಿ ಹೂಳಿದ ಕುಣಿಗಳು, ಹೊಸ ಮಣ್ಣಿನ ಗುಪ್ಪೆಗಳು. ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿದ್ದರು. ನಾನು ಎಣಿಸಲು ಹೋಗಲಿಲ್ಲ. ಅತ್ತೆ ಆ ಕಡೆ ನೋಡದೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

"ತೂಬಿನ ಕೆಳಗ ಕುಡಿದ್ವು ಹೊಟ್ಟಿ ಉಬ್ಬಿ ಬಿದ್ದಾವ. ಮ್ಯಾಲಿನ ಮಡುವಿನಾಗ ಕುಡಿದ್ವು ಚಲೋ ಅದಾವ. ಇದು ಜಡ್ಡಲ್ಲಪಾ, ನೀರು" ಎಂದ ಮಾವ.

"ಹಂಗಂತ ನಿನ್ನಿ ಹೇಳಬೇಕಿತ್ತಲ್ಲ ಮಾವ. ಅವ್ರು ಅದನ್ನ ಕೇಳಿದ್ದು."

"ಚಾದಂಗಡ್ಯಾಗ? ಎಲ್ಲಾರ ಮುಂದ? ನೀರು ಅಂದ್ರ ಯಾರಿಗೂ ಕೇಳಸೂದಿಲ್ಲ. ಸತ್ತಾವ ಅನ್ನೂದಷ್ಟ ಕೇಳಸ್ತದ. ನಾಳಿಂದ ನನ್ನ ಯಾವ ಊರವ್ರು ಬಿಟ್ಟುಕೋತಾರ ಹೇಳು."

ಅವನು ದಾರಿಯನ್ನು ಯೋಚಿಸಿಟ್ಟಿದ್ದ. ನಾನು ಪ್ರಾಧ್ಯಾಪಕರ ಜೊತೆ ರಾಯಚೂರಿಗೆ ಹೋದಾಗ, ಅವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಬೇಕು. "ಹೆಸರು ಹಾಕಬ್ಯಾಡ್ರಿ ಅನ್ನು. ಊರೂ ಹಾಕಬ್ಯಾಡ್ರಿ ಅನ್ನು. ಗಿರಣಿ ನೀರಿಗೆ ಕುರಿ ಸತ್ತಾವ, ಇಷ್ಟ ಬರೀಲಿ. ಅಂಥಾವ್ರು ಬರದ್ರ ಸರಕಾರದವ್ರು ಒಮ್ಮಿಯಾದ್ರೂ ಬಂದು ತೂಬು ನೋಡ್ತಾರ. ಕುಣಿ ಎಲ್ಲಿ ಅದಾವಂತ ಮಾತ್ರ ಯಾರಿಗೂ ಬಾಯಿ ಬಿಡಬ್ಯಾಡ."

ಅತ್ತೆ ಅಂದಳು: "ಬಂಡಾರ ಮುಟ್ಟಸ್ರಿ ಅವಗ. ದೊಡ್ಡಮಂದಿ ಕೂಡ ಅಡ್ಡಾಡಾಕತ್ತಾನ."

ದೇವರ ಅರಿಸಿನಪುಡಿಯೇ ನಮ್ಮಲ್ಲಿ ಬಂಡಾರ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮ ಜನ ಮುರಿಯುವುದಿಲ್ಲ. ಮಾವನ ನಡುವಿನ ಚೀಲದಲ್ಲಿ ಅದು ಯಾವಾಗಲೂ ಇರುತ್ತಿತ್ತು. ಅವನು ಚೀಲಕ್ಕೆ ಕೈ ಹಾಕಲಿಲ್ಲ.

"ನಮ್ಮ ಅಕ್ಕನ ಮಗಗ ಬಂಡಾರ ಮುಟ್ಟಸ್ಲೇನು? ಸುಮ್ನಿರು ನೀ" ಎಂದ.

ಅಂದು ಆಣೆ ಮಾಡಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ಈ ಮಾತು ಹೇಳಿದರೆ ತಪ್ಪನ್ನು ಅವನ ಮೇಲೆ ಹೊರಿಸಿದಂತಾಗುತ್ತದೆ. ಆದರೂ ಎಷ್ಟೋ ಸಲ ಹಾಗೆ ಅನಿಸಿದ್ದು ಸುಳ್ಳಲ್ಲ.

ಪ್ರಾಧ್ಯಾಪಕರ ಕೆಲವು ಪ್ರಶ್ನೆಗಳಿಗೆ ಉತ್ತರ ಕೇಳಿಕೊಂಡು ಬರಲು ನಾನು ಆ ಮಧ್ಯಾಹ್ನವೇ ಗಿರಣಿಗೆ ಹೋದೆ. ಸಾವಕಾರರು ನನ್ನನ್ನು ಒಳಗೆ ಕರೆದು ತಮ್ಮ ಗಾದಿಯ ಮೇಲೆಯೇ ಕೂರಿಸಿಕೊಂಡರು. ಸ್ಟೀಲಿನ ಲೋಟದಲ್ಲಿ ಕೆನೆ ಕಟ್ಟಿದ ಚಹಾ ತರಿಸಿದರು. ನಮ್ಮ ತಾತನನ್ನು ನೆನೆದರು. "ನಮ್ಮಪ್ಪಗ ನಿಮ್ಮ ತಾತನ ಕುರಿ ಹೊಲಕ್ಕ ಬರದಿದ್ರ ಬಿತ್ತಾಕ ಮನಸಾಗ್ತಿರಲಿಲ್ಲ" ಎಂದರು. ಆಮೇಲೆ, "ನಿಮ್ಮ ಮಾವ ಯಾಕೋ ಸಪ್ಪಗದಾನ. ಕುರಿ ಚಲೋ ಅದಾವಿಲ್ಲೋ?" ಎಂದು ಕೇಳಿದರು.

ನಾನು ಹೇಳಿಬಿಟ್ಟೆ. ತೂಬಿನ ನೀರು, ಹೊಟ್ಟೆ ಉಬ್ಬಿದ ಕುರಿಗಳು, ಜಾಲಿಯ ನೆಲದ ಕುಣಿಗಳು, ಎಲ್ಲ. ಪ್ರಾಧ್ಯಾಪಕರಿಗೆ ಹೇಳಲಿದ್ದೇನೆ ಎನ್ನುವುದನ್ನೂ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಕಣ್ಣು ಮುಚ್ಚಿ ಕೇಳಿದರು. "ಇದನ್ನ ನನಗ ಮೊದಲ ಹೇಳಬಾರದೇನು? ನಾನೇನು ಹೊರಗಿನವನೇನು? ಸುಗ್ಗಿ ಒಂದು ಮುಗೀಲಿ, ತೂಬು ಆ ಕಡೀ ಹೊರಳಸ್ತೀನಿ. ಪುಸ್ತಕಕ್ಕ ಯಾಕ ಹಾಕಸ್ತಿ ತಮ್ಮಾ? ಪುಸ್ತಕ ಬರೂದ್ರೊಳಗ ನಿಮ್ಮ ಮಾವನ ಕುರಿ ಮುಗದಿರ್ತಾವ. ನಾ ಹೊರಳಿಸಿದ್ರ ಎಂಟು ದಿನದ ಕೆಲಸ."

ಆ ಮಾತು ನನಗೆ ಸರಿಯಾಗಿ ಕಂಡಿತು. ಮೇಲಾಗಿ ಅದು ಆ ಮನೆಯ ಮಾತು. ಕುರಿ ಯಾರ ನೆಲದಲ್ಲಿ ನಿಂತಿದೆಯೋ ಅದರ ಹೊಣೆ ಅವರದು ಎನ್ನುವ ನಮ್ಮ ಹಳೆಯ ರೀತಿ ನನ್ನ ತಲೆಯಲ್ಲಿತ್ತು. ಹೊಲದ ಗೌಡನ ಮಗ ಗಿರಣಿಯ ಮಾಲಕನಾದಾಗ ಆ ಮಾತೂ ಬದಲಾಗುತ್ತದೆ ಎಂದು ಹೊಳೆಯಲಿಲ್ಲ. ಅವರ ತಂದೆಗೆ ಕುರಿಯ ಗೊಬ್ಬರ ಬೇಕಿತ್ತು. ಇವರ ಗದ್ದೆಗಳಿಗೆ ಗೊಬ್ಬರ ಚೀಲದಲ್ಲಿ ಬರುತ್ತಿತ್ತು. ಇಷ್ಟೇ ವ್ಯತ್ಯಾಸ. ಊರೂರು ತಿರುಗಿ ಇದನ್ನೇ ಪ್ರಾಧ್ಯಾಪಕರು ವಿಚಾರಿಸುತ್ತಿದ್ದರು. ಅವರ ಜೊತೆಗಿದ್ದೂ ನನಗೆ ಅದು ತಿಳಿದಿರಲಿಲ್ಲ.

ಏಳುವಾಗ ಸಾವಕಾರರು ಇನ್ನೊಂದು ಮಾತು ಹೇಳಿದರು. "ಕಾಟಾದ ಮ್ಯಾಲೆ ಒಬ್ಬ ಓದಿದ ಹುಡುಗ ಬೇಕಾಗ್ಯಾನ. ನೋಡು, ನಿನಗ ಮನಸಿದ್ರ." ಲಾರಿಗಳನ್ನು ತೂಗುವ ಕಾಟಾ. ಕಾರಕೂನನ ಕುರ್ಚಿ, ಮೇಲೆ ಫ್ಯಾನು.

ತೂಬು ಹೊರಳುತ್ತದೆ ಎನ್ನುವ ನಂಬಿಕೆ ದೊಡ್ಡದಾಗಿತ್ತೋ ಆ ಕುರ್ಚಿ ದೊಡ್ಡದಾಗಿತ್ತೋ, ಈಗಲೂ ನನಗೆ ತೂಗಲು ಬರುವುದಿಲ್ಲ.

ಎರಡು ದಿನ ಬಿಟ್ಟು ರಾಯಚೂರಿನ ಲಾಡ್ಜಿನಲ್ಲಿ ಪ್ರಾಧ್ಯಾಪಕರು ತಾವಾಗಿಯೇ ಕೇಳಿದರು. "ನಿಮ್ಮ ಮಾವ ಅಂದು ಏನೋ ಹೇಳಬೇಕೆಂದಿದ್ದವರು ನಿಲ್ಲಿಸಿಕೊಂಡ ಹಾಗೆ ಕಂಡಿತು. ಜನ ಇದ್ದರಲ್ಲ, ಅದಕ್ಕೇನೋ. ನಿಮಗೆ ಏನಾದರೂ ಗೊತ್ತಿದೆಯೇ?"

ಬಾಗಿಲು ಹಾಕಿತ್ತು. ಮಾವ ಬಯಸಿದ್ದ ಜಾಗ ಅದೇ, ಬಯಸಿದ್ದ ಪ್ರಶ್ನೆಯೂ ಅದೇ.

"ಏನೂ ಇಲ್ಲ ಸರ್. ಅವರ ಮಾತಿನ ರೀತಿಯೇ ಹಾಗೆ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆಯಾಡಿಸಿ ಬೇರೆ ವಿಷಯಕ್ಕೆ ಹೋದರು. ಅವರಿಗೆ ನನ್ನ ಮೇಲೆ ಪೂರ್ಣ ವಿಶ್ವಾಸವಿತ್ತು. ಆ ವಾರದ ಕೊನೆಯಲ್ಲಿ ತಮ್ಮ ಊರಿಗೆ ಹೊರಟುಹೋದರು.

ಅವರು ಹೋಗಿ ಹೆಚ್ಚು ದಿನವಾಗಿರಲಿಲ್ಲ. ಗಿರಣಿಯ ಕಡೆಯವನೊಬ್ಬ ನಾಲ್ಕು ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ಜಾಲಿಯ ನೆಲದ ಒಂದು ಕುಣಿ ಅಗೆಸಿ ತೋರಿಸಿದನಂತೆ. ಈ ಮಂದೆಗೆ ಜಡ್ಡು ಬಂದಿದೆ, ಮುಚ್ಚಿಡುತ್ತಿದ್ದಾನೆ, ನಿಮ್ಮ ನಿಮ್ಮ ಕುರಿ ನೋಡಿಕೊಳ್ಳಿ ಎಂದು ಹೇಳಿದನಂತೆ. ಸತ್ತದ್ದು ಕಣ್ಣೆದುರಿಗಿತ್ತು, ಮುಚ್ಚಿಟ್ಟದ್ದೂ ಕಣ್ಣೆದುರಿಗಿತ್ತು. ಇನ್ನು ನೀರಿನ ಮಾತನ್ನು ಯಾರು ಕೇಳುತ್ತಾರೆ. ಮಾವ ಹೇಳಿ ನೋಡಿದನಂತೆ. "ನೀರಿಗೆ ಸತ್ತಿದ್ರ ಮೊದಲ ಯಾಕ ಹೇಳ್ಲಿಲ್ಲ?" ಎಂದು ಕೇಳಿದರಂತೆ.

ಮುಂದಿನ ಊರಿನ ದಾರಿಗೆ ಕಂಟಿ ಬಿತ್ತು. ಅದರ ಮುಂದಿನ ಊರಿಗೆ ಸುದ್ದಿ ಮೊದಲೇ ತಲುಪಿತ್ತು. ಬಾಗಲವಾಡದ ಕಡೆ ಕುರಿ ನಿಲ್ಲಿಸಲು ಕರೆದಿದ್ದವನೊಬ್ಬ ಹೊಲದ ಬದುವಿನ ಮೇಲೆ ನಿಂತು, ಕೈ ಮುಗಿದು, ಈ ವರ್ಷ ಬ್ಯಾಡಪಾ ಎಂದನಂತೆ. ಮಾವ ಮಂದೆಯನ್ನು ತಿರುಗಿಸಿ ದೇವದುರ್ಗದ ಕಡೆ ಹೊಡೆದ. ಬಿಸಿಲು ಏರಿತ್ತು. ದಾರಿಯ ಬಾವಿಗಳಲ್ಲಿ ನೀರು ಕುಡಿಸಲು ಬಿಡಲಿಲ್ಲ. ನಮ್ಮ ಊರಿನವರೇ ಊರ ಹೊರಗೆ ತಡೆದರು. ಹುಟ್ಟಿದಾಗಿನಿಂದ ಅವನನ್ನು ಕಂಡ ಜನ. ಅವರನ್ನು ಬೈಯಲು ಅವನಿಗೂ ಬಾಯಿ ಬರಲಿಲ್ಲ. ಅವರ ಜಾಗದಲ್ಲಿದ್ದರೆ ಅವನೂ ಅದನ್ನೇ ಮಾಡುತ್ತಿದ್ದ.

ಕೊನೆಗೆ ಮಂದೆ ರಾಯಚೂರಿನ ಕಡೆಯಿಂದ ಬಂದ ಕಟುಕರ ಲಾರಿ ಹತ್ತಿತು. ಮರಿ ಹಾಕುವ ಕುರಿಗಳನ್ನು ಹಾಗೆ ಕೊಡುವವರು ನಮ್ಮಲ್ಲಿ ಇಲ್ಲ. ಅತ್ತೆ ಮೂರು ದಿನ ಒಲೆ ಹಚ್ಚಲಿಲ್ಲ ಎಂದು ಅವ್ವ ಹೇಳಿದಳು.

ಅಷ್ಟು ಹೊತ್ತಿಗೆ ನಾನು ಕಾಟಾದ ಕುರ್ಚಿಯಲ್ಲಿದ್ದೆ. ಒಂದು ಮಧ್ಯಾಹ್ನ ಮಾವ ಬಂದ. ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ಮೇಲೆಯೇ ಬಂದು ನಿಂತ. ಕೈಯಲ್ಲಿ ಕೋಲಿರಲಿಲ್ಲ. ಕೋಲಿಲ್ಲದೆ ಅವನನ್ನು ಆವರೆಗೆ ನಾನು ನೋಡಿರಲಿಲ್ಲ.

"ಕುಣಿ ಎಲ್ಲಿ ಅದಾವಂತ ನನಗ ಗೊತ್ತಿತ್ತು. ನಿಮ್ಮ ಅತ್ತೆಗ ಗೊತ್ತಿತ್ತು" ಎಂದು ನಿಲ್ಲಿಸಿದ.

ನಾನು ಏನಾದರೂ ಹೇಳುತ್ತೇನೆಂದು ನಿಂತೇ ಇದ್ದ. ಸಾವಕಾರರು ತೂಬು ಹೊರಳಿಸುತ್ತೇನೆ ಅಂದಿದ್ದರು ಮಾವ, ನನಗೂ ಮೋಸ ಮಾಡಿದರು ಮಾವ ಎಂದು ಹೇಳಬೇಕೆಂದಿದ್ದೆ. ಹಿಂದೆ ಒಂದು ಲಾರಿ ಬಂದು ಹಾರ್ನ್ ಹೊಡೆಯಿತು.

"ಲಾರಿ ಬಂತು ಮಾವ, ಹಲಗಿ ಮ್ಯಾಲಿಂದ ಸರಿ" ಎಂದೆ.

ಅವನು ಸರಿದ.

ಸುಗ್ಗಿ ಮುಗಿಯಿತು. ಒಂದು ದಿನ ಧೈರ್ಯ ಮಾಡಿ ಸಾವಕಾರರನ್ನು ಕೇಳಿದೆ. "ತೂಬು ಹೊರಳಸ್ತೀನಿ ಅಂದಿದ್ರಲ್ರಿ."

ಅವರು ನಿಜವಾಗಿ ಆಶ್ಚರ್ಯಪಟ್ಟರು. "ಈಗ ಯಾರ ಕುರಿ ಅದಾವೋ ಅಲ್ಲಿ?" ಎಂದರು.

ನನಗೆ ಮೋಸವಾಯಿತು ಎಂದು ಆ ದಿನ ಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಕಣ್ಣು ಒರೆಸಿಕೊಂಡೆ. ಅಳುವುದಕ್ಕೆ ನನಗಿಂತ ಮುಂದೆ ಬೇರೆಯವರಿದ್ದರು.

ಮರುವರ್ಷ ಮಾವ ಅದೇ ಗಿರಣಿಗೆ ಕೆಲಸಕ್ಕೆ ಬಂದ. ಬಾಯ್ಲರಿನ ಬಾಯಿಗೆ ಭತ್ತದ ಹೊಟ್ಟು ಹಾಕುವ ಕೆಲಸ. ಬೇರೆ ಎಲ್ಲಿಗೂ ಹೋಗಲಿಲ್ಲ. ಅಲ್ಲಿಯವರೆಗೆ ನನ್ನನ್ನು "ಲೇ ಅಳಿಯಾ" ಎನ್ನುತ್ತಿದ್ದವನು ಅಂದಿನಿಂದ "ಕಾರಕೂನರ" ಎನ್ನತೊಡಗಿದ. "ಕಾರಕೂನರ, ಹೊಟ್ಟಿನ ಟ್ರ್ಯಾಕ್ಟರ್ ಬಂದದ, ನೋಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಣಿಯಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಹೊರಗಿನವರಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ದಿನವೂ ಒಂದೇ ಗೇಟಿನಿಂದ ಒಳಗೆ ಬಂದು, ಒಂದೇ ಗೇಟಿನಿಂದ ಹೊರಗೆ ಹೋಗುತ್ತಿದ್ದೆವು. ಅವನ ಹುಬ್ಬಿನ ಕೂದಲು ಸುಟ್ಟು ಹೋಗಿದ್ದವು. ಸಂಜೆ ಹಳ್ಳದಲ್ಲಿ ಕೈಕಾಲು ತೊಳೆಯಲು ಎಲ್ಲರೂ ಗಿರಣಿಯ ಹಿಂದೆ ಇಳಿದರೆ ಅವನು ಮಾತ್ರ ಮೇಲಿನ ಮಡುವಿನವರೆಗೆ ನಡೆದು ಹೋಗುತ್ತಿದ್ದ.

ಪ್ರಾಧ್ಯಾಪಕರು ಮತ್ತೆ ಬಂದದ್ದು ಎಂಬತ್ತರ ದಶಕದ ಕೊನೆಗೆ. ಪುಸ್ತಕ ಮುಗಿಯುತ್ತ ಬಂದಿತ್ತು. ಹಿಂದೆ ಮಾತಾಡಿದವರನ್ನು ಇನ್ನೊಮ್ಮೆ ಕಾಣಬೇಕೆಂದು ಬಂದಿದ್ದರು. ನನ್ನನ್ನು ಕಾಟಾದಲ್ಲಿ ನೋಡಿ ಸಂತೋಷಪಟ್ಟರು. ಕುರಿ ಕಾಯುತ್ತಿದ್ದ ನಿಮ್ಮ ಮಾವ ಎಲ್ಲಿದ್ದಾರೆ ಎಂದು ಕೇಳಿದರು. ಬಾಯ್ಲರಿನ ಹತ್ತಿರ ಕರೆದುಕೊಂಡು ಹೋದೆ.

ಮಾವ ಸಲಿಕೆ ಬದಿಗಿಟ್ಟು, ತಲೆಯ ವಸ್ತ್ರದಿಂದ ಮುಖ ಒರೆಸಿಕೊಂಡು ನಮಸ್ಕಾರ ಮಾಡಿದ. ಅಲ್ಲಿ ನಾವು ಮೂವರೇ ಇದ್ದೆವು. ಇಷ್ಟು ವರ್ಷ ಸಾಕಿದ ಕುರಿ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ಪ್ರಾಧ್ಯಾಪಕರು ಕೇಳಿದರು.

ಮಾವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಬೆಂಕಿಯ ಬಾಯಿ ತೆರೆದೇ ಇತ್ತು. ಪ್ರಾಧ್ಯಾಪಕರು, ಪ್ರಶ್ನೆ ತಿಳಿಯಲಿಲ್ಲವೇನೋ ಎಂದುಕೊಂಡು, ನನಗೆ ಬಿಡಿಸಿ ಹೇಳುವಂತೆ ಸನ್ನೆ ಮಾಡಿದರು. ನಾನು ನೆಲ ನೋಡುತ್ತಾ, "ಕುರಿ ಯಾಕ ಬಿಟ್ರಿ ಅಂತ ಕೇಳಾಕತ್ತಾರ" ಎಂದೆ. ಅವನು ಅರ್ಥವಾಗದೆ ನಿಂತಿಲ್ಲವೆಂದು ಗೊತ್ತಿದ್ದೂ ಹಾಗೆ ಹೇಳಿದೆ.

"ಜಡ್ಡು ಬಂತ್ರಿ" ಎಂದ ಮಾವ. ಸಲಿಕೆ ಎತ್ತಿಕೊಂಡ.

ಪುಸ್ತಕದಲ್ಲಿ ಇರುವುದು ಆ ಮಾತೇ. ಪ್ರಾಧ್ಯಾಪಕರದೇನೂ ತಪ್ಪಿಲ್ಲ. ಕುರಿಗಾರನ ಬಾಯಿಂದಲೇ ಕೇಳಿ ಬರೆದರು.

ಅವನು ನನ್ನನ್ನು ಕ್ಷಮಿಸಿದ, ನನ್ನ ಮಾನ ಉಳಿಸಿದ ಎಂದು ನಾನು ಬಹಳ ವರ್ಷ ನಂಬಿದ್ದೆ. ಅವನು ತೀರಿಕೊಂಡಾಗ ಮಣ್ಣಿಗೆ ಹೋಗಿ ಅದೇ ನಂಬಿಕೆಯಲ್ಲಿ ಅತ್ತು ಬಂದೆ. ಮುಂದೆ ಗಿರಣಿಯವರು ನನ್ನನ್ನು ಕೆಲಸದಿಂದ ಬಿಡಿಸಿದರು. ಆ ಬಗ್ಗೆ ದೂರುವ ಮುಖ ನನಗಿಲ್ಲ.

ಕಳೆದ ಬೇಸಿಗೆಯಲ್ಲಿ ಅತ್ತೆಯನ್ನು ನೋಡಲು ಹೋಗಿದ್ದೆ. ಈಗ ಅವಳಿಗೆ ಕಣ್ಣು ಮಂದ. ಹಗ್ಗದ ಹೊರಸಿನ ಮೇಲೆ ಕುಳಿತಿದ್ದಳು. ನಾನೇ ಮಾತು ತೆಗೆದೆ. ತಪ್ಪು ನನ್ನದು, ಕುಣಿಯ ಸುಳಿವು ಕೊಟ್ಟವನು ನಾನೇ ಎಂದೆ. ಮಾವ ಆ ದಿನ ನನ್ನ ಹೆಸರು ಹೇಳದೆ ಉಳಿಸಿದ ಎಂದೂ ಹೇಳಿದೆ.

"ಉಳಿಸಿದ್ದಲ್ಲೋ" ಎಂದಳು ಅತ್ತೆ. "ಆ ಸಾಹೇಬ ಬಂದು ಹೋದ ದಿನ ಮನಿಗೆ ಬಂದು ಹೇಳಿದ. 'ಅಳಿಯನ ಬಾಯಾಗ ಖರೇ ಬರ್ತದೇನಂತ ನೋಡ್ದೆ, ಬರಲಿಲ್ಲ' ಅಂದ. ಅವತ್ತಿನ ತನಕ ಕಾದಿದ್ದ ನಿನಗ. ಆಮ್ಯಾಲೆ ಕಾಯೂದು ಬಿಟ್ಟ."

ಹೊರಸಿನ ಅಂಚು ಹಿಡಿದು ನನ್ನ ಕಡೆ ತಿರುಗಿ ಅಂದಳು: "ನನ್ನ ಮುಂದ ಯಾಕ ಹೇಳ್ತಿ? ನನಗ ಅವತ್ತೇ ಗೊತ್ತಿತ್ತು. ಹೇಳೂದಾದ್ರ ದೈವದ ಮುಂದ ಹೇಳು. ಜಡ್ಡಿನ ಕುರಿ ಮುಚ್ಚಿಟ್ಟು ಊರಾಗ ತಂದಾವ ಅಂತ ಸತ್ತ ಮ್ಯಾಲೂ ಅಂತಾರ ಅವಗ."

ದೈವ ಎಂದರೆ ನಮ್ಮ ಜನರ ಹಿರಿಯರು ಕೂಡುವ ಕೂಟ. ಆ ಭಾನುವಾರ ಗುಡಿಯ ಮುಂದೆ ಕೂಡಿದ್ದರು. ಬಹಳ ಮಂದಿ ಇರಲಿಲ್ಲ. ಈಗ ಕುರಿ ಸಾಕುವ ಮನೆಗಳೇ ಕಡಿಮೆ. ಯಾವುದೋ ಹೊಲದ ಬದುವಿನ ಜಗಳ ಮುಗಿದ ಮೇಲೆ ನಾನು ಎದ್ದು ನಿಂತೆ. ಗಿರಣಿಯ ತೂಬಿನಿಂದ ಹಿಡಿದು ಬಾಯ್ಲರಿನವರೆಗೆ, ಇಲ್ಲಿ ಬರೆದ ಹಾಗೆಯೇ ಹೇಳಿದೆ. ಹುಡುಗರಿಗೆ ಅದು ಯಾವ ಕಾಲದ ಮಾತೋ. ಒಬ್ಬ ಫೋನು ನೋಡುತ್ತಿದ್ದ.

ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೇಳಿದ: "ಅಂದ್ರ ಆ ಕುರಿಗೆ ಜಡ್ಡು ಇದ್ದಿಲ್ಲೇನು?"

"ಇದ್ದಿಲ್ಲ."

"ಖರೇ ಹೇಳಾಕತ್ತೀಯೇನು?"

"ಖರೇ."

ಅವನು ಮಾವನಿಗೆ ಬೀಗನಾಗಬೇಕು. ಆ ಬೇಸಿಗೆಯಲ್ಲಿ ದೇವದುರ್ಗದ ದಾರಿಯಲ್ಲಿ ಅವನ ಬಾವಿಯಿತ್ತು.

"ಮರಿಗಷ್ಟ ಕುಡಸ್ತೀನಿ ಬೀಗಾ ಅಂದಿದ್ದ" ಎಂದ ಅವನು. ಯಾರಿಗೆ ಹೇಳುತ್ತಿದ್ದಾನೆ ಎಂದು ತಿಳಿಯಲಿಲ್ಲ. "ತೊಟ್ಟಿ ತುಂಬ ನೀರಿತ್ತು. ನಾ ಕಲ್ಲು ಹಿಡಕೊಂಡು ನಿಂತಿದ್ದೆ."

ಪಕ್ಕದವರು, ಹೋಗಲಿ ಬಿಡು, ಆಗ ಎಲ್ಲರೂ ಹಾಗೇ ಮಾಡಿದ್ದು ಎಂದರು. ಅವನು ಕೇಳಿಸಿಕೊಳ್ಳಲಿಲ್ಲ. ಗೋಡೆ ಹಿಡಿದು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ನನ್ನ ಕಡೆ ನೋಡದೆ ಅತ್ತೆಯ ಮನೆಯ ಹಾದಿ ಹಿಡಿದ.